ದೊಡ್ಡ ಹುಣಸಿಗೆ ಸೀರೆ ಉಡಿಸಿದ್ದು

ನಾನು ಡಿಗ್ರಿ ಮುಗಿಸುವುದು ಸಾಧ್ಯವೇ ಇಲ್ಲ ಎಂದು ಹೇಳಿದವನು ನಮ್ಮ ಕಾಕಾ, ಅಪ್ಪನ ತಮ್ಮ. ಮನೆಯೊಳಗೆ ಹೇಳಿದ್ದರೆ ಬೇರೆ ಮಾತು. ಮೋರಟಗಿ ಬಸ್ ಸ್ಟ್ಯಾಂಡಿನ ಚಹಾದಂಗಡಿ ಮುಂದೆ ತನ್ನ ಮೂರು ಗಾಲಿಯ ಟಂಟಂ ಗಾಡಿ ನಿಲ್ಲಿಸಿಕೊಂಡು, ಅಲ್ಲಿದ್ದವರೆಲ್ಲ ಕೇಳುವ ಹಾಗೆ ಹೇಳಿದ: "ನಮ್ಮ ಮನ್ಯಾಗ ಡಿಗ್ರಿ ಆಗೂದೂ ಒಂದ, ಎತ್ತು ಈಯೂದೂ ಒಂದ."

ಅದು ಸಿಟ್ಟಿನ ಮಾತಲ್ಲ. ಅವನು ಪಿಯುಸಿ ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಮತ್ತೆ ಕೂತು ಸೋತವನು. ಕೆಲವರ ಮೈಗೆ ಬದನೆಕಾಯಿ ಆಗಿಬರುವುದಿಲ್ಲವಲ್ಲ, ಹಾಗೆ ನಮ್ಮ ಮನೆತನಕ್ಕೆ ಇಂಗ್ಲಿಷ್ ಆಗಿಬರುವುದಿಲ್ಲ ಎಂದು ನಿಜವಾಗಿಯೂ ನಂಬಿದ್ದ. ನಾನು ಮೊದಲ ಸಲ ಪಿಯುಸಿ ಇಂಗ್ಲಿಷಿನಲ್ಲಿ ಫೇಲಾದಾಗ ಬಿಸಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಮನೆಗೆ ಬಂದ. "ತಿನ್ನವಾ, ಅಳಬ್ಯಾಡ. ಈಗ ನೋಡು, ಖರೇ ನಮ್ಮ ಮನಿ ಮಗಳಾದಿ" ಎಂದ. ನಾನು ಅಳುತ್ತಲೇ ಭಜಿಯೆಲ್ಲ ತಿಂದು ಮುಗಿಸಿದೆ. ಮುಂದಿನ ವರ್ಷ ಪಾಸಾದೆ. ಆಗ ಅವನು ಭಜಿ ತರಲಿಲ್ಲ. ಪೇಪರ್ ನೋಡಿದವರ ಕಣ್ಣು ತಪ್ಪಿರಬೇಕು ಎಂದಷ್ಟೇ ಹೇಳಿದ.

ನಮ್ಮದು ಕುರಿ ಸಾಕುವ ಮನೆ. ಬೇಸಿಗೆ ಬಂತೆಂದರೆ ಅಪ್ಪ ಹಿಂಡು ಹೊಡೆದುಕೊಂಡು ನಿಡಗುಂದಿ ಕಡೆಯ ಹಿನ್ನೀರಿನ ದಂಡೆಗೆ ಹೋಗುತ್ತಾನೆ. ಮಳೆ ಬಿದ್ದ ಮೇಲೆಯೇ ಅವನಿಗೆ ಊರು. ಅವ್ವ ಹತ್ತಿ ಬಿಡಿಸಲು, ತೊಗರಿ ಕೊಯ್ಯಲು ಹೋಗುತ್ತಾಳೆ. ಕಾಲೇಜಿಗೆ ರಜೆ ಇದ್ದ ದಿನ ನಾನೂ ಹೋಗುತ್ತಿದ್ದೆ. ಸಿಂದಗಿಯ ಕಾಲೇಜಿಗೆ ಬಿ.ಎ. ಓದಲು ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಒಂದು ಕೈಯಲ್ಲಿ ಮೇಲಿನ ಕಂಬಿ, ಇನ್ನೊಂದರಲ್ಲಿ ಪುಸ್ತಕ. ನನ್ನ ಓದಿನ ಅರ್ಧಪಾಲು ನಿಂತುಕೊಂಡೇ ಆಗಿದೆ. ಕನಿಕರ ಬರಲಿ ಎಂದು ಇದನ್ನು ಹೇಳುತ್ತಿಲ್ಲ. ಬೆವರು ಸುರಿಸಿ ಗಳಿಸಿದ್ದನ್ನು ಜಂಬದಿಂದಲೇ ಹೇಳಿಕೊಳ್ಳಬೇಕು ಎನ್ನುವವಳು ನಾನು.

ಕೊನೆಯ ಸೆಮಿಸ್ಟರಿನಲ್ಲಿ ಭೂಗೋಳದ ಪ್ರಾಜೆಕ್ಟ್ ಬಂತು. ನಮ್ಮ ಸರ್ ಒಂದು ಡಬ್ಬಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ಇಂಡಿಯಿಂದ ಬರುತ್ತಿದ್ದ ನನ್ನ ಗೆಳತಿಗೆ ಜಪಾನಿನ ಜ್ವಾಲಾಮುಖಿಗಳು ಬಂದವು, ಮುದ್ದೇಬಿಹಾಳದ ಹುಡುಗನಿಗೆ ನೈಲ್ ನದಿ. ನನ್ನ ಚೀಟಿಯಲ್ಲಿ ಹೀಗಿತ್ತು: ಬೋಟ್ಸ್ವಾನಾ ದೇಶದ ಹೆಸರಾಂತ ಮರಗಳು, ಕಾಡುಗಳು, ನೈಸರ್ಗಿಕ ತಾಣಗಳು. ಬೋಟ್ಸ್ವಾನಾ ಎಲ್ಲಿದೆ ಎಂದು ನಕಾಶೆಯಲ್ಲಿ ಹುಡುಕಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಫ್ರಿಕಾದ ತೆಂಕಣ ಭಾಗದಲ್ಲಿ, ಎಲ್ಲೂ ಸಮುದ್ರ ಮುಟ್ಟದೆ, ನಮ್ಮ ಸಿಂದಗಿ ತಾಲ್ಲೂಕಿನ ಹಾಗೆ ನಾಲ್ಕೂ ಕಡೆ ನೆಲವೇ ಇರುವ ದೇಶ ಅದು.

ಸರ್ ಒಂದು ಷರತ್ತು ಹಾಕಿದರು. "ಮೊಬೈಲಿನ್ಯಾಗ ಇಳಿಸ್ಕೊಂಡು ಬಂದ್ರ ಹರದ ಹಾಕ್ತೇನಿ. ನಿಮ್ಮ ಕಣ್ಣಿಲೆ ಕಂಡದ್ದು, ಕೈಲೆ ಅಳದದ್ದು ಒಂದರ ಇರಬೇಕು. ಇಲ್ಲಂದ್ರ ಪ್ರಾಜೆಕ್ಟ್ ಪಾಸಿಲ್ಲ. ಪ್ರಾಜೆಕ್ಟ್ ಪಾಸಿಲ್ಲಂದ್ರ ಡಿಗ್ರಿ ಇಲ್ಲ."

ಇಂಡಿಯ ಗೆಳತಿ ನನ್ನ ಕಿವಿಯಲ್ಲಿ, "ಪಾಸ್‌ಪೋರ್ಟ್ ಮಾಡಸ್ಕೋ ಲೇ. ಮೋರಟಗಿಯಿಂದ ಬೋಟ್ಸ್ವಾನಾಕ್ಕ ಎಕ್ಸ್‌ಪ್ರೆಸ್ ಬಸ್ ಐತೇನ ಕೇಳು" ಎಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಎತ್ತು ಈಯುವ ಮಾತು ನೆನಪಾಯಿತು.

ಸಂಜೆ ಅವ್ವ ರೊಟ್ಟಿ ಬಡಿಯುವಾಗ ನಾನು ಒಲೆಯ ಹತ್ತಿರ ಕೂತು ಓದಿದ್ದನ್ನು ಗಟ್ಟಿಯಾಗಿ ಹೇಳುವುದು ರೂಢಿ. ನನಗೆ ಬಾಯಿಪಾಠ, ಅವರಿಗೆ ಮನರಂಜನೆ. ಕಂಬಕ್ಕೊರಗಿ ಕೂತ ಆಯಿ, ಅಂದರೆ ಅಪ್ಪನ ಅವ್ವ, ನಡುನಡುವೆ ಬಾಯಿ ಹಾಕುತ್ತಾಳೆ. ಅಂಗೋಲಾದಲ್ಲಿ ಹುಟ್ಟಿ ಬರುವ ಒಕವಾಂಗೋ ನದಿ ಸಮುದ್ರಕ್ಕೆ ಹೋಗುವುದೇ ಇಲ್ಲ, ಬೋಟ್ಸ್ವಾನಾದ ಮರಳಿನಲ್ಲಿ ಹತ್ತಾರು ಕವಲಾಗಿ ಹರಡಿ ಅಲ್ಲೇ ಇಂಗಿ, ಆವಿಯಾಗಿ ಮುಗಿಯುತ್ತದೆ ಎಂದೆ.

"ಛಲೋ ಮಾಡ್ತು. ಸಮುದ್ರಕ್ಕ ಹೋಗಿ ಉಪ್ಪಾಗೂದಕ್ಕಿಂತ ನಾಕ ಜೀವಕ್ಕ ಕುಡಿಯಾಕ ಸಿಕ್ಕೀತು" ಎಂದಳು ಆಯಿ.

ಅಲ್ಲಿನ ಮೊಪಾನೆ ಮರದ ಎಲೆ ಚಿಟ್ಟೆಯ ಎರಡು ರೆಕ್ಕೆಯ ಹಾಗಿದ್ದು, ಬಿಸಿಲು ಏರಿದಾಗ ಮಡಚಿಕೊಳ್ಳುತ್ತದೆ ಎಂದೆ. ಆ ಮರದ ಹುಳುವನ್ನು ಒಣಗಿಸಿ ತಿನ್ನುತ್ತಾರೆ ಎಂದಾಗ ಅವ್ವ ಬಡಿಯುತ್ತಿದ್ದ ಕೈ ನಿಲ್ಲಿಸಿ, "ರೊಟ್ಟಿ ಹೊತ್ತಿನ್ಯಾಗ ಅದೊಂದ ಬಿಟ್ಟು ಬ್ಯಾರೇದು ಓದಬೇ" ಎಂದಳು. ಸರಿ, ಗುಡ್ಡಗಳಿಗೆ ಬಂದೆ. ತ್ಸೋಡಿಲೋ ಎಂಬಲ್ಲಿ ಗುಡ್ಡಗಳಿವೆ, ಬಂಡೆಗಳ ಮೇಲೆ ಹಳೆಯ ಕಾಲದ ಚಿತ್ರಗಳಿವೆ. ಅಲ್ಲಿನ ಜನ ಒಂದನ್ನು ಗಂಡ, ಒಂದನ್ನು ಹೆಂಡತಿ, ಒಂದನ್ನು ಮಗು ಎನ್ನುತ್ತಾರೆ. ದೂರದಲ್ಲಿ ಇನ್ನೊಂದು ಸಣ್ಣ ಗುಡ್ಡವಿದೆ. ಅದು ಗಂಡ ಬಿಟ್ಟುಬಂದ ಮೊದಲ ಹೆಂಡತಿಯಂತೆ.

ಆಯಿ ಕಂಬ ಬಿಟ್ಟು ಮುಂದೆ ಸರಿದು ಕೂತಳು. "ಗುಡ್ಡಕ್ಕೂ ಸವತಿ ಐತೇನಬೇ! ಮತ್ತ ಅತ್ತಿ ಎಲ್ಲಿ ಅದಾಳ?"

"ಅತ್ತಿ ಗುಡ್ಡ ಇಲ್ಲಂತ ಆಯಿ."

"ಅದಕ್ಕ ನೋಡು ಗಂಡ ಹೇಂತಿ ಇನ್ನೂ ಕೂಡಿ ನಿಂತಾವ" ಎಂದಳು ಅವ್ವ, ತವೆಯ ಮೇಲಿನ ರೊಟ್ಟಿಗೇ ಹೇಳುವವಳ ಹಾಗೆ. ಆಯಿ ಸೊಸೆಯನ್ನು ದುರುಗುಟ್ಟಿ ನೋಡಿ, ಆಮೇಲೆ ತಾನೇ ಮೊದಲು ನಕ್ಕಳು.

ಕೊನೆಗೆ ಬಾವೋಬಾಬ್ ಮರದ ಚಿತ್ರ ಮೊಬೈಲಿನಲ್ಲಿ ತೋರಿಸಿದೆ. ಬಿಳಿ ಉಪ್ಪಿನ ಬಯಲ ನಡುವೆ ಕಲ್ಲಿನ ದಿಬ್ಬ, ಅದರ ಮೇಲೆ ಆನೆಯ ಕಾಲಿನಂಥ ಬೊಡ್ಡೆಯ ಮರಗಳು. ಎಲೆ ಉದುರಿದಾಗ ಬೇರು ಮೇಲೆ ಮಾಡಿ ನೆಟ್ಟ ಹಾಗೆ ಕಾಣುತ್ತವೆ. ಅಂಥದ್ದೊಂದು ಭಾರೀ ಮರದ ಪೊಟರೆಯಲ್ಲಿ ಹಿಂದಿನ ಪ್ರಯಾಣಿಕರು ಪತ್ರ ಇಟ್ಟು ಹೋಗುತ್ತಿದ್ದರಂತೆ, ಆ ಕಡೆ ಹೋಗುವವರು ಒಯ್ದು ಮುಟ್ಟಿಸಲಿ ಎಂದು. ಕೆಲವು ವರ್ಷಗಳ ಹಿಂದೆ ಅದು ಬಿದ್ದುಹೋಯಿತು.

ಅವ್ವ ಹಿಟ್ಟಿನ ಕೈಯಲ್ಲೇ ಮೊಬೈಲ್ ಹತ್ತಿರ ಎಳೆದುಕೊಂಡಳು. "ಇದು ಬೋಟ್ಸ್ವಾನಾದ್ದೇನ? ಇದು ನಿಮ್ಮ ಅತ್ತಿ ಊರಾಗಿನ ದೊಡ್ಡ ಹುಣಸಿ ಅಲ್ಲನ?"

ನಮ್ಮ ಅತ್ತೆಯನ್ನು, ಅಂದರೆ ಅಪ್ಪನ ತಂಗಿಯನ್ನು, ಕೊಟ್ಟದ್ದು ಬಸವನ ಬಾಗೇವಾಡಿ ತಾಲ್ಲೂಕಿಗೆ, ಹೂವಿನ ಹಿಪ್ಪರಗಿಯ ಹತ್ತಿರದ ಹಳ್ಳಿಗೆ. ಆ ಊರ ಹೊರಗೆ ಹಾಳುಬಾವಿಯ ಪಕ್ಕ ದೊಡ್ಡ ಹುಣಸಿ ಎಂದು ಕರೆಯುವ ಮರವಿದೆ. ಚಿಕ್ಕವಳಿದ್ದಾಗ ನಾನೂ ಅದರ ಕೆಳಗೆ ಆಡಿದ್ದೇನೆ. ಹುಳಿ ಕಾಯಿ ಬಿಡುತ್ತದೆ, ಅದಕ್ಕೇ ಹುಣಸಿ ಎಂಬ ಹೆಸರು. ಹುಣಸೆಗೂ ಅದಕ್ಕೂ ನಂಟಿಲ್ಲ. ಮರುದಿನ ಸರ್‌ಗೆ ಕೇಳಿದರೆ, "ಹೌದವಾ, ಅದೇ ಬಾವೋಬಾಬ್. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದದ್ದು ಅಂತಾರ. ವ್ಯಾಪಾರದವರು ತಂದರೋ ಸಿಪಾಯಿಗಳು ತಂದರೋ ಖಾತ್ರಿ ಇಲ್ಲ. ಹೋಗು, ಸುತ್ತಳತಿ ತಗೊಂಡು, ತೊಗಟಿ ಫೋಟೋ ಹೊಡಕೊಂಡು ಬಾ" ಎಂದರು. ನನ್ನ ಡಿಗ್ರಿ ಬಾವಿಯ ದಂಡೆಯಲ್ಲಿ ನಿಂತಿದೆ ಎಂದು ಕುಣಿದಾಡಿದೆ.

ಒಬ್ಬಳೇ ಹೋಗಿದ್ದರೆ ಅರ್ಧ ದಿನದ ಕೆಲಸ. ಆದರೆ ಆಫ್ರಿಕಾದಿಂದ ಬಂದದ್ದು ಎಂಬ ಮಾತು ಆಯಿಯ ಕಿವಿಗೆ ಬಿದ್ದಿತ್ತಲ್ಲ!

"ಅಷ್ಟ ದೂರದಿಂದ ಬಂದ ಹೆಣ್ಣು. ತವರವರು ಒಬ್ಬರರ ಬಂದು ಉಡಿ ತುಂಬ್ಯಾರೇನ ಅದಕ್ಕ?" ಎಂದಳು.

ನಮ್ಮಲ್ಲಿ ಮಗಳು ತವರಿಗೆ ಬಂದರೆ ಬರಿಗೈಲಿ ಕಳಿಸುವುದಿಲ್ಲ. ಸೀರೆ ಉಡಿಸಿ, ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನದ ಬೇರು ಹಾಕಿ ಉಡಿ ತುಂಬಿ ಕಳಿಸುತ್ತೇವೆ. ಬಂದು ಹೋಗುವ ಶಕ್ತಿ ಮಗಳಿಗಿಲ್ಲದಿದ್ದರೆ ತವರಿನವರೇ ಅಲ್ಲಿಗೆ ಹೋಗಬೇಕು. ಆಯಿಯ ಲೆಕ್ಕದಲ್ಲಿ ಮರಕ್ಕೆ ನಡೆಯಲು ಬರುವುದಿಲ್ಲ, ಬೋಟ್ಸ್ವಾನಾದವರಿಗೆ ವಿಳಾಸ ಗೊತ್ತಿಲ್ಲ, ಆದ್ದರಿಂದ ಆ ಕೆಲಸ ನಮ್ಮ ಪಾಲಿಗೆ ಬಂತು.

ಭಾನುವಾರ ಕಾಕಾನ ಟಂಟಂನಲ್ಲಿ ಆಯಿ, ಅವ್ವ, ನಾನು, ಸಜ್ಜಿ ರೊಟ್ಟಿಯ ಗಂಟು, ಮೊಸರಿನ ಗಡಿಗೆ, ಹೊಸದೊಂದು ಹಸಿರು ಇಲಕಲ್ ಸೀರೆ, ಎಲ್ಲ ಹೊರಟೆವು. ಕಾಕಾ ದಾರಿಯುದ್ದಕ್ಕೂ, "ಗಿಡಕ್ಕ ಸೀರಿ, ಗಿಡದ ಮ್ಯಾಲೆ ಡಿಗ್ರಿ. ನಮ್ಮ ಮನಿ ಹೆಂಗಸರು ಎಲ್ಲಾರಗಿಂತ ಮುಂದ ಹೋಗ್ಯಾರ" ಎಂದು ಗಾಡಿಯ ಸದ್ದಿನ ಮೇಲೆ ಕೂಗುತ್ತಲೇ ಇದ್ದ.

ಮರ ಕಂಡದ್ದೇ ಅವನು ಗಾಡಿ ಇಳಿದು, ತಲೆ ಎತ್ತಿಕೊಂಡೇ ಒಂದು ಸುತ್ತು ಹಾಕಿ ಬಂದ. ಬೇಸಿಗೆಯಾದ್ದರಿಂದ ಒಂದೂ ಎಲೆ ಇರಲಿಲ್ಲ. ಬೊಡ್ಡೆ ಎಂದರೆ ನಮ್ಮ ಅಡುಗೆಮನೆ ಅದರೊಳಗೆ ಹಿಡಿಸೀತು. ತೊಗಟೆ ಮುಟ್ಟಿದರೆ ಮುದಿ ಎಮ್ಮೆಯ ಕತ್ತಿನ ಚರ್ಮದ ಹಾಗೆ ಮಡಿಕೆ ಮಡಿಕೆ. ನಾನು ಚೀಲದಿಂದ ಟೇಪ್ ತೆಗೆಯುವಷ್ಟರಲ್ಲಿ ಆಯಿ ಆಗಲೇ ಅರಿಶಿನ ಕುಂಕುಮ ಹಚ್ಚಿ ಸೀರೆಯ ತುದಿಯನ್ನು ಅವ್ವನ ಕೈಗೆ ಕೊಟ್ಟಿದ್ದಳು. ಅವ್ವ ಸುತ್ತು ಹಾಕಿ ಬಂದಳು. ಆಯಿ ಉಡುವಂಥ ಒಂಬತ್ತು ಗಜದ ಸೀರೆಯೇ ಅದು, ಆದರೂ ಸಾಲಲಿಲ್ಲ. ನಡುವೆ ತೊಗಟೆ ಕಾಣುತ್ತಿತ್ತು.

"ಮೈ ಕಾಣಾಕತ್ತೈತಿ, ಇನ್ನೊಂದು ತರ್ರಿ!" ಎಂದು ಆಯಿ ಗಾಬರಿಯಾದಳು. ಊರಿನಿಂದ ನಮ್ಮ ಜೊತೆಗೂಡಿದ್ದ ಅತ್ತೆ ಮನೆಗೆ ಓಡಿ ತನ್ನದೊಂದು ಕೆಂಪು ಸೀರೆ ತಂದು ಗಂಟು ಹಾಕಿದಳು. ಗದ್ದಲ ಕೇಳಿ ಊರ ಹೆಂಗಸರು ಬಂದರು. ಒಬ್ಬಳು ಕುಪ್ಪಸದ ಖಣ ತಂದಳು, ಇನ್ನೊಬ್ಬಳು ಬಾಳೆಹಣ್ಣು. ದಂಡೆಯ ಮೇಲೆ ಕೂತಿದ್ದ ಮುದುಕಪ್ಪ ಒಬ್ಬರು, "ಯವ್ವಾ, ಅದು ಗಂಡು ಗಿಡ. ಸೀರಿ ಯಾಕ ಉಡಸ್ತೀರಿ?" ಎಂದರು.

"ಕಾಯಿ ಬಿಡತೈತಿಲ್ಲೋ ಯಪ್ಪಾ?"

"ಬಿಡತೈತಿ."

"ನೀ ಎಂದರ ಕಾಯಿ ಬಿಟ್ಟೀಯೇನ?" ಎಂದಳು ಆಯಿ. ಮುದುಕಪ್ಪ ಎಲೆ ಅಡಿಕೆ ಉಗುಳಲು ಎದ್ದು ಹೋದರು. ಹೆಂಗಸರ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಬೇರಿನ ಸಂದಿಯಲ್ಲಿ ಅಕ್ಕಿ, ಕೊಬ್ಬರಿ ಹಾಕಿ ಉಡಿ ತುಂಬಿದರು. ಸೋಬಾನೆ ಪದ ಹಾಡಿದರು. ಕಾಕಾ ನನ್ನ ಮೊಬೈಲಿನಲ್ಲಿ ಫೋಟೋ ಹೊಡೆದ. ಎಲ್ಲ ಮುಗಿದ ಮೇಲೆ ನಾನು ಟೇಪ್ ಹಿಡಿದು ಮರದ ಹತ್ತಿರ ಹೋದರೆ ಆಯಿ ಕೈ ಅಡ್ಡ ಇಟ್ಟಳು.

"ಉಡಿ ತುಂಬಿದ ಮ್ಯಾಲೆ ಟೇಪ್ ಹಚ್ಚತೀಯಾ? ಯಾರರ ಹೆಣ್ಣಮಗಳ ನಡ ಅಳೀತಾರೇನ ನಾಕ ಮಂದ್ಯಾಗ?"

"ಆಯಿ, ಅದಕ್ಕ ಬಂದೇವಲ್ಲ ನಾವು!"

"ಅದಕ್ಕ ನೀ ಬಂದಿ. ನಾ ಬಂದದ್ದು ಉಡಿ ತುಂಬಾಕ."

ಊರ ಹೆಂಗಸರೆಲ್ಲ ಆಯಿಯ ಕಡೆ. ನಾನು ತಲೆ ಓಡಿಸಿದೆ. ಮರ ಮುಟ್ಟಬಾರದು, ಸರಿ. ಸೀರೆಯ ತುದಿ ಮುಟ್ಟಬಹುದಲ್ಲ? ಅತ್ತೆಯ ಸೀರೆಯಲ್ಲಿ ಸುತ್ತಿ ಉಳಿದು ಜೋತಾಡುತ್ತಿದ್ದ ತುದಿಯನ್ನು ಅಳೆದೆ. ಎರಡು ಸೀರೆಯ ಉದ್ದ ಕೂಡಿಸಿ, ಅದರಲ್ಲಿ ತುದಿ ಮತ್ತು ಗಂಟು ಕಳೆದೆ. ಸುತ್ತಳತೆ ಬಂತು. ನನ್ನ ಬುದ್ಧಿಗೆ ನಾನೇ ಬೆರಗಾಗಿ ಎರಡು ರೊಟ್ಟಿ ಹೆಚ್ಚು ತಿಂದೆ.

ಆ ಬೆರಗು ಮೌಖಿಕ ಪರೀಕ್ಷೆಯ ದಿನ ಇಳಿಯಿತು. ಹೊರಗಿನಿಂದ ಬಂದ ಮೇಡಂ ಪರೀಕ್ಷಕರು. ನನ್ನ ಪ್ರಾಜೆಕ್ಟಿನ ಹಾಳೆ ತಿರುವುತ್ತ ಒಕವಾಂಗೋ ಏಕೆ ಸಮುದ್ರ ಸೇರುವುದಿಲ್ಲ, ಮೊಪಾನೆ ಎಲೆ ಏಕೆ ಮಡಚುತ್ತದೆ ಎಂದು ಕೇಳಿದರು. ಒಲೆಯ ಮುಂದೆ ಕಲಿತದ್ದು ಮರೆಯುವಂಥದ್ದಲ್ಲ, ಪಟಪಟ ಹೇಳಿದೆ. ಫೋಟೋಗಳ ಹಾಳೆ ಬಂತು. ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಒಂದರಲ್ಲಿ ಆಯಿ ಆರತಿ ಎತ್ತುತ್ತಿದ್ದಾಳೆ. ಇನ್ನೊಂದರಲ್ಲಿ ಅವ್ವ, ಅತ್ತೆ, ಹಿಂದೆ ಹಸಿರು ಕೆಂಪು ಸೀರೆಯ ಗೋಡೆ. ಮೂರನೆಯದರಲ್ಲಿ ಕಾಕಾ ತನ್ನದೇ ಮುಖದ ಫೋಟೋ ಹೊಡೆದುಕೊಂಡಿದ್ದ.

"ಮರ ಎಲ್ಲಿದೆ?"

"ಸೀರೆ ಒಳಗೆ ಇದೆ ಮೇಡಂ."

ಹೊರಗೆ ಸರದಿ ಕಾಯುತ್ತಿದ್ದವರು ಬಾಗಿಲಲ್ಲಿ ಮುಸಿಮುಸಿ ನಕ್ಕರು. ನಮ್ಮ ಸರ್ ಫ್ಯಾನ್ ನೋಡುತ್ತ ಕೂತರು. "ಇದು ಭೂಗೋಳದ ಪ್ರಾಜೆಕ್ಟೋ ಬಸುರಿಯ ಕುಬಸದ ಕಾರ್ಯಕ್ರಮದ ಆಲ್ಬಮ್ಮೋ?" ಎಂದರು ಮೇಡಂ. ನಾನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ, ತುದಿ ಅಳೆದದ್ದನ್ನೂ ಹೇಳಿದೆ. ಅವರ ಮುಖದಲ್ಲಿ ನಗು ಬಂದ ಹಾಗೆ ಕಂಡಿತು. ಆದರೆ ಕೇಳಿದ್ದು ಬೇರೆ. "ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಜೋಲುತ್ತದೆ. ಅದಕ್ಕೇನು ಮಾಡಿದಿ?"

ಏನೂ ಮಾಡಿರಲಿಲ್ಲ. "ಅದು ಹೊಳೀಲಿಲ್ಲ ಮೇಡಂ" ಎಂದೆ.

"ಮರ ಎಲ್ಲಿಗೂ ಓಡುವುದಿಲ್ಲ. ಸೋಮವಾರದೊಳಗೆ ಟೇಪಿನಿಂದ ಅಳೆದು, ತೊಗಟೆಯ ಫೋಟೋ ಸಹಿತ ತಂದುಕೊಡು. ಅಲ್ಲಿಯವರೆಗೆ ನಿನ್ನ ಅಂಕ ಹಾಕುವುದಿಲ್ಲ" ಎಂದರು. ನ್ಯಾಯದ ಮಾತು. ಆದರೆ ಮನೆಗೆ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೂ ನನಗೆ ಗೊತ್ತಾಗಲಿಲ್ಲ. ಮೇಡಂ ಒಪ್ಪಬೇಕಾದರೆ ಸೀರೆ ಬಿಚ್ಚಬೇಕು. ಸೀರೆ ಬಿಚ್ಚಬೇಕಾದರೆ ಆಯಿ ಒಪ್ಪಬೇಕು.

ಆಯಿ ಎಲ್ಲ ಕೇಳಿ ಮುಖ ಆಚೆ ತಿರುಗಿಸಿಕೊಂಡಳು. ಅವ್ವ ಎಂದೂ ತನ್ನ ಅತ್ತೆಯಾದ ಆಯಿಯ ಎದುರು ದನಿ ಏರಿಸಿದವಳಲ್ಲ. ಅವತ್ತು ಹೇಳಿದಳು: "ಯತ್ತಿ, ಗಿಡದ ಉಡಿ ತುಂಬಿದಿ. ಮನಿ ಮಗಳ ಉಡಿ ಖಾಲಿ ಇಡ್ತಿ ಏನ?"

ಆಯಿ ಸೆರಗು ಕೊಡವಿಕೊಂಡು ಎದ್ದಳು. "ಹೆಣ್ಣಮಕ್ಕಳು ಸೀರಿ ಬದಲಸೂದಿಲ್ಲೇನ? ಬದಲಸ್ತಾರ. ಗಿಡಾನೂ ಬದಲಸಲಿ. ಆದ್ರ ಬದಲಸೂವಾಗ ಒಬ್ಬ ಗಂಡಸೂ ಅಲ್ಲಿ ಇರಬಾರದು. ಹೊಸ ಸೀರಿ ಕೈಯಾಗ ಇರಬೇಕು."

ಹೀಗೆ ಮತ್ತೆ ಟಂಟಂ, ಮತ್ತೆ ರೊಟ್ಟಿಯ ಗಂಟು. ಈ ಸಲ ಮನೆ ಕಟ್ಟುವ ಗೌಂಡಿಯೊಬ್ಬರಿಂದ ಉದ್ದನೆಯ ಟೇಪ್ ಕೇಳಿ ತಂದಿದ್ದೆ. ಆಯಿ ಕಾಕಾನನ್ನು, ಮುದುಕಪ್ಪರನ್ನು, ಎಮ್ಮೆ ಮೇಯಿಸುತ್ತಿದ್ದವನನ್ನು, ಎಲ್ಲರನ್ನೂ ಹೊಲದ ಬದುವಿನ ಆಚೆ ಕಳಿಸಿ ಬೆನ್ನು ತಿರುಗಿಸಿ ಕೂಡಿಸಿದಳು. ಹೆಂಗಸರು ಸೀರೆ ಬಿಚ್ಚಿದರು. ನಾನು ಟೇಪಿನ ಒಂದು ತುದಿ ಅವ್ವನ ಕೈಗೆ ಕೊಟ್ಟು ಎದೆಮಟ್ಟದಲ್ಲಿ ಬಿಗಿಯಾಗಿ ಸುತ್ತಿ ಬಂದೆ. ತೊಗಟೆಯನ್ನು ಹತ್ತಿರದಿಂದ, ದೂರದಿಂದ, ಪಕ್ಕದಲ್ಲಿ ಮನುಷ್ಯರನ್ನು ನಿಲ್ಲಿಸಿ, ನಿಲ್ಲಿಸದೆ, ಎಲ್ಲ ರೀತಿ ಹೊಡೆದುಕೊಂಡೆ.

"ಮುಗೀತೇನ್ರೇ? ಬಿಸಿಲಾಗ ಕೂತು ನೆತ್ತಿ ಸುಡಾಕತ್ತೈತಿ!" ಬದುವಿನ ಆಚೆಯಿಂದ ಕಾಕಾ.

"ತಿರಗಿದಿ ಅಂದ್ರ ನೋಡು! ಇನ್ನೂ ನೆರಗಿ ಹಿಡಿಯೂದು ಐತಿ" ಎಂದಳು ಆಯಿ. ಮರಕ್ಕೆ ನಿಜವಾಗಿಯೂ ನೆರಿಗೆ ಹಿಡಿದಳು.

ಟೇಪಿನ ಅಳತೆಗೂ ಸೀರೆಯ ಅಳತೆಗೂ ಒಂದು ಗೇಣಿನಷ್ಟು ವ್ಯತ್ಯಾಸ ಬಂತು. ಸೀರೆ ಹೆಚ್ಚು ಹೇಳಿತ್ತು. ಮೇಡಂ ಹೇಳಿದಂತೆಯೇ ಜೋತುಬಿದ್ದ ಕಡೆಯದು. ಎರಡನ್ನೂ ಬರೆದು, ಏಕೆ ಹಾಗಾಯಿತೆಂದೂ ಬರೆದು, ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೋಗಿ ಕೊಟ್ಟೆ. ಮೇಡಂ ಹೊಸ ಫೋಟೋ ನೋಡಿ, ಹಳೆಯವನ್ನು ತೆಗೆದು ಹಾಕಲು ಹೊರಟ ನನ್ನ ಕೈ ತಡೆದರು. "ಇರಲಿ, ಎರಡೂ ಇರಲಿ. ಬೋಟ್ಸ್ವಾನಾದ ಮರಕ್ಕೆ ಈ ಭಾಗ್ಯ ಇಲ್ಲ" ಎಂದರು. ಪಕ್ಕದಲ್ಲಿ ನಮ್ಮ ಸರ್ ಮೊದಲ ಸಲ ಫ್ಯಾನ್ ಬಿಟ್ಟು ನನ್ನನ್ನು ನೋಡಿದರು.

ಫಲಿತಾಂಶ ಬಂದ ದಿನ ಅಪ್ಪ ಹಿಂಡಿನ ಜೊತೆ ಹಿನ್ನೀರಿನ ದಂಡೆಯಲ್ಲಿದ್ದ. ಪಾಸಾದೆ ಎಂದು ಫೋನಿನಲ್ಲಿ ಹೇಳಿದರೆ ಕುರಿಗಳ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ. ಮೂರು ಸಲ ಕೂಗಿ ಹೇಳಿದೆ. ಕೇಳಿದ ಮೇಲೂ ಇನ್ನೊಮ್ಮೆ ಹೇಳು ಎಂದ, ಜೊತೆಗಿದ್ದವರಿಗೆ ಕೇಳಿಸಲೆಂದು.

ಪ್ರಮಾಣಪತ್ರ ಬರಲು ತಿಂಗಳುಗಟ್ಟಲೆ ಹಿಡಿಯಿತು. ಬಂದಿದೆ ಎಂದು ಕಾಲೇಜಿನಿಂದ ಫೋನ್ ಬಂದಾಗ ಅವ್ವ ಆ ದಿನದ ಕೂಲಿ ಬಿಟ್ಟು, "ನಾನೂ ಬರ್ತೇನಿ" ಎಂದಳು. ಸಿಂದಗಿಗೆ ಸಂತೆಗೆ ಎಷ್ಟೋ ಸಲ ಬಂದವಳು, ಕಾಲೇಜಿನ ಗೇಟು ದಾಟಿದ್ದು ಅದೇ ಮೊದಲು. ಚಪ್ಪಲಿಯನ್ನು ಆಫೀಸಿನ ಹೊರಗೆ ಬಿಟ್ಟಳು. ಬಿಡುವುದು ಬೇಡ ಎಂದರೂ ಕೇಳಲಿಲ್ಲ. ಕ್ಲಾರ್ಕು ಸಹಿ ಮಾಡಿಸಿಕೊಂಡು ಹಾಳೆಯನ್ನು ನನ್ನ ಕೈಗೆ ಕೊಟ್ಟರು. ಮೇಲೆ ಮುದ್ರೆ, ನಡುವೆ ನನ್ನ ಹೆಸರು. ನಾನು ಅದನ್ನು ನೇರ ಅವ್ವನ ಕೈಗೆ ಕೊಟ್ಟೆ.

ಅವಳು ಸೆರಗಿನಿಂದ ಎರಡೂ ಕೈ ಒರೆಸಿಕೊಂಡು ಹಿಡಿದಳು. ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಕಂಕುಳಲ್ಲಿ ಮಡಚಿ ಇಟ್ಟುಕೊಂಡಿದ್ದ ಹತ್ತಿ ತುಂಬುವ ದೊಡ್ಡ ಚೀಲವನ್ನು ಮೆಲ್ಲಗೆ ಹೊರಗೆ ತೆಗೆದು ನನ್ನ ಮುಖ ನೋಡಿದಳು.

"ಇಷ್ಟ ಹಗುರ ಐತೇನಬೇ ಇದು? ಇಬ್ಬರಿಗೆ ಹೊರೂವಷ್ಟು ಇದ್ದೀತಂತ ನಾ ಚೀಲ ತಂದೀನಿ."